ಜರ್ಮನ್ನನ ಚಾಕೊಲೇಟು, ತೆಂಗಿನ ಹೂರಣ

ಟೆಕ್ಸಾಸ್‌ನಲ್ಲಿ ನೆಲೆಸಿರುವ ನಮ್ಮಕ್ಕನ ಅಡುಗೆ ನೋಟ್‌ಬುಕ್ಕಿನಲ್ಲಿ, ಪುಳಿಯೋಗರೆ ಗೊಜ್ಜಿಗೂ ಮೆಂತ್ಯದ ಹಿಟ್ಟಿಗೂ ನಡುವೆ, ‘ಜರ್ಮನಿ ಕೇಕ್’ ಎಂಬ ತಲೆಬರಹದ ಒಂದು ಪುಟವಿದೆ. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಹೇಳಿದ್ದನ್ನು ಅಕ್ಕ ಕನ್ನಡದಲ್ಲಿ ಬರೆದುಕೊಂಡದ್ದು. ಬೆಣ್ಣೆಯ ಜಿಡ್ಡು ಹತ್ತಿ ಆ ಪುಟದ ಒಂದು ಮೂಲೆಯಲ್ಲಿ ಹಿಂದಿನ ಪುಟದ ಅಕ್ಷರಗಳೂ ಕಾಣುತ್ತವೆ. ನಾನು ಅಲ್ಲಿಗೆ ಹೋಗಿದ್ದಾಗ ಅವಳು ಆ ಕೇಕ್ ಮಾಡಿದಳು. ಕೆಳಗೆ ಚಾಕೊಲೇಟ್ ಕೇಕ್, ಮೇಲೆ ದಪ್ಪಗೆ ತೆಂಗಿನ ತುರಿ, ಪೆಕಾನ್ ಬೀಜದ ಚೂರು, ಕೆನೆಗಟ್ಟಿದ ಹಾಲು. ಬಾಯಿಗಿಟ್ಟರೆ ನಮ್ಮ ಕಾಯಿ ಹೂರಣದ ನೆನಪು. ‘ಅಕ್ಕಾ, ಜರ್ಮನಿಯವರಿಗೆ ತೆಂಗಿನಕಾಯಿ ಎಲ್ಲಿಂದ ಬಂತು?’ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅಂದು ಹುಡುಕಲು ತೊಡಗಿದ್ದರಿಂದ ತಿಳಿದ ಸಂಗತಿಗಳೇ ಇವತ್ತಿನ ಭಾಷಣ.

ಈ ಕೇಕಿಗೂ ಜರ್ಮನಿ ದೇಶಕ್ಕೂ ಸಂಬಂಧವೇ ಇಲ್ಲ. ನಮ್ಮ ಬೇಕರಿಗಳಲ್ಲಿ ಹುಟ್ಟುಹಬ್ಬಕ್ಕೆ ಕೊಳ್ಳುವ ಬ್ಲ್ಯಾಕ್ ಫಾರೆಸ್ಟ್ ಇದೆಯಲ್ಲ, ಅದು ನಿಜಕ್ಕೂ ಜರ್ಮನಿಯದು. ಇದು ಜರ್ಮನ್ ಎಂಬ ಹೆಸರಿನ ಒಬ್ಬ ಮನುಷ್ಯನದು. ಸ್ಯಾಮ್ಯುಯೆಲ್ ಜರ್ಮನ್ ಮ್ಯಾಸಚುಸೆಟ್ಸ್‌ನ ಡಾರ್ಚೆಸ್ಟರ್‌ನಲ್ಲಿ, ಬೇಕರ್ ಚಾಕೊಲೇಟ್ ಕಂಪನಿಯಲ್ಲಿ ಕೆಲಸಕ್ಕಿದ್ದವನು. ಬೇಕರ್ ಎಂದೊಡನೆ ಬ್ರೆಡ್ಡು ಬನ್ನು ಸುಡುವವರು ಎಂದುಕೊಳ್ಳಬೇಡಿ, ಅದೂ ಒಂದು ಮನೆತನದ ಹೆಸರೇ. 1765ರ ಸುಮಾರಿಗೆ ಜೇಮ್ಸ್ ಬೇಕರ್ ಎಂಬ ವೈದ್ಯ ಬಂಡವಾಳ ಹೂಡಿದ, ಜಾನ್ ಹ್ಯಾನನ್ ಎಂಬ ಐರಿಷ್ ವಲಸೆಗಾರ ಕೋಕೋ ಬೀಜ ಅರೆದ. ನೆಪಾನ್ಸೆಟ್ ಹೊಳೆಯ ನೀರಿನಿಂದ ತಿರುಗುವ ಗಿರಣಿ ಅದು. 1779ರಲ್ಲಿ ಕೋಕೋ ತರಲೆಂದು ವೆಸ್ಟ್ ಇಂಡೀಸ್ ಕಡೆಗೆ ಹಡಗು ಹತ್ತಿದ ಹ್ಯಾನನ್ ಮರಳಿ ಬರಲಿಲ್ಲ. ಗಿರಣಿ ಬೇಕರ್ ಮನೆತನದ ಪಾಲಾಯಿತು.

1852ರಲ್ಲಿ ಸ್ಯಾಮ್ಯುಯೆಲ್ ಜರ್ಮನ್ ಮಾಡಿದ್ದು ಸಣ್ಣ ಕೆಲಸ. ಅಡುಗೆಗೆ ಬಳಸುವ ಕಹಿ ಚಾಕೊಲೇಟಿಗೆ ಗಿರಣಿಯಲ್ಲೇ ಸಕ್ಕರೆ ಬೆರೆಸಿ ಅಚ್ಚು ಹಾಕಿದ. ಮನೆಯವರಿಗೆ ಸಕ್ಕರೆ ಅಳೆದು ಹಾಕುವ ಒಂದು ಕೆಲಸ ತಪ್ಪಿತು. ಕಂಪನಿ ಅದಕ್ಕೆ ಅವನ ಹೆಸರನ್ನೇ ಇಟ್ಟು ‘ಬೇಕರ್ಸ್ ಜರ್ಮನ್ಸ್ ಸ್ವೀಟ್ ಚಾಕೊಲೇಟ್’ ಎಂದು ಮಾರಿತು. ಕೆಲಸಗಾರನ ಹೆಸರು ಮಾಲೀಕನ ಹೆಸರಿನ ಪಕ್ಕದಲ್ಲೇ ಕೂತದ್ದು ಆ ಕಾಲಕ್ಕೆ ದೊಡ್ಡ ಮಾತು ಎಂದು ನನಗೆ ತೋರುತ್ತದೆ.

ಅದಾಗಿ ನೂರಾ ಐದು ವರ್ಷ ಕಳೆಯಿತು. 1957ರ ಜೂನ್ 3ರಂದು ಟೆಕ್ಸಾಸ್‌ನ ‘ಡಾಲಸ್ ಮಾರ್ನಿಂಗ್ ನ್ಯೂಸ್’ ಪತ್ರಿಕೆ ದಿನದ ಅಡುಗೆ ಅಂಕಣದಲ್ಲಿ ಓದುಗಿಯೊಬ್ಬರು ಕಳುಹಿಸಿದ ಕೇಕಿನ ವಿಧಾನ ಅಚ್ಚು ಹಾಕಿತು. ಜರ್ಮನ್ನನ ಆ ಚಾಕೊಲೇಟು, ಮಜ್ಜಿಗೆ, ನೊರೆ ಬರುವ ಹಾಗೆ ಕಡೆದ ಮೊಟ್ಟೆಯ ಬಿಳಿ, ಮೇಲೆ ತೆಂಗು ಮತ್ತು ಪೆಕಾನ್ ಹೂರಣ. ಊರಿನ ಹೆಂಗಸರು ಅಂಗಡಿಗೆ ಧಾವಿಸಿದರು. ಅಷ್ಟರಲ್ಲಿ ಬೇಕರ್ ಚಾಕೊಲೇಟ್ ಜನರಲ್ ಫುಡ್ಸ್ ಎಂಬ ದೊಡ್ಡ ಕಂಪನಿಯ ಕೈಯಲ್ಲಿತ್ತು. ಅದು ಈ ವಿಧಾನವನ್ನು ದೇಶದ ಉಳಿದ ಪತ್ರಿಕೆಗಳಿಗೂ ಕಳುಹಿಸಿತು. ಆ ಚಾಕೊಲೇಟಿನ ಮಾರಾಟ ಶೇಕಡಾ 73ರಷ್ಟು ಏರಿತೆಂದು ಹೇಳುತ್ತಾರೆ. ಊರಿಂದೂರಿಗೆ, ಬಾಯಿಂದ ಬಾಯಿಗೆ ಹೋಗುವಾಗ ಹೆಸರಿನ ಕೊನೆಯ ‘ಸ್’ ಉದುರಿತು. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಷಷ್ಠೀ ವಿಭಕ್ತಿಯ ಪ್ರತ್ಯಯ ಲೋಪವಾಯಿತು. ಜರ್ಮನ್ನನ ಚಾಕೊಲೇಟ್ ಕೇಕ್ ಜರ್ಮನ್ ಚಾಕೊಲೇಟ್ ಕೇಕ್ ಆಯಿತು. ಒಂದು ಅಕ್ಷರ ಬಿದ್ದುಹೋಗಿ ಒಬ್ಬ ಮನುಷ್ಯನಿದ್ದ ಜಾಗಕ್ಕೆ ಒಂದು ದೇಶವೇ ಬಂದು ಕೂತಿತು.

ಇನ್ನು ಆ ಓದುಗಿ. ಪತ್ರಿಕೆಯಲ್ಲಿ ಅಚ್ಚಾದ ಅವರ ಹೆಸರು ‘ಮಿಸೆಸ್ ಜಾರ್ಜ್ ಕ್ಲೇ’. ಜಾರ್ಜ್ ಎಂಬುದು ಗಂಡನ ಹೆಸರು, ಕ್ಲೇ ಎಂಬುದು ಗಂಡನ ಮನೆತನದ ಹೆಸರು. ಕೋಟ್ಯಂತರ ಅಡುಗೆಮನೆಗಳಿಗೆ ದಾರಿ ಮಾಡಿಕೊಂಡು ಹೋದ ಕೇಕಿನಲ್ಲಿ ಆ ತಾಯಿಯದೇ ಆದ ಒಂದಕ್ಷರವೂ ಇಲ್ಲ. ‘ಇಂಥವರ ಮನೆಯವರು’ ಎಂದು ಹೆಂಗಸರನ್ನು ಗುರುತಿಸುವ ಬಳಕೆ ನಮ್ಮಲ್ಲೂ ಇದೆ. ಆದರೂ ಈ ಸಂಗತಿ ನನ್ನ ಮನಸ್ಸಿಗೆ ಚುಚ್ಚುತ್ತದೆ.

ತೆಂಗಿನ ದಾರಿ ಬೇರೆ. ಫಿಲಡೆಲ್ಫಿಯಾದಲ್ಲಿ ಫ್ರ್ಯಾಂಕ್ಲಿನ್ ಬೇಕರ್ ಎಂಬ ಹಿಟ್ಟಿನ ವ್ಯಾಪಾರಿಯಿದ್ದ. ಚಾಕೊಲೇಟಿನ ಬೇಕರ್ ಬೇರೆ, ಇವನು ಬೇರೆ. 1890ರ ದಶಕದಲ್ಲಿ ಕ್ಯೂಬಾದ ಗಿರಾಕಿಯೊಬ್ಬ ಹಿಟ್ಟಿನ ಬಾಕಿಗೆ ದುಡ್ಡಿನ ಬದಲು ಒಂದು ಹಡಗು ತೆಂಗಿನಕಾಯಿ ಕಳುಹಿಸಿದ. ಕಾಯಿ ಒಡೆದು ತುರಿಯುವ ಅಭ್ಯಾಸವಿಲ್ಲದ ಊರಿನಲ್ಲಿ ಅಷ್ಟು ಕಾಯಿಯನ್ನು ಕೊಳ್ಳುವವರು ಯಾರು? ಕೊಳೆಯುವ ಮೊದಲು ತುರಿದು ಒಣಗಿಸಿ ಮಾರುವ ಉಪಾಯ ಕಂಡುಕೊಂಡ. ಹಿಟ್ಟಿನ ವ್ಯಾಪಾರ ಬಿಟ್ಟು ತೆಂಗಿನ ವ್ಯಾಪಾರಿಯೇ ಆದ. 1927ರಲ್ಲಿ, ಮುಂದೆ ಜನರಲ್ ಫುಡ್ಸ್ ಎನ್ನಿಸಿಕೊಂಡ ಅದೇ ಕಂಪನಿ ಚಾಕೊಲೇಟಿನ ಬೇಕರನ್ನೂ ಕೊಂಡಿತು, ತೆಂಗಿನ ಬೇಕರನ್ನೂ ಕೊಂಡಿತು. ಹಾಗಾಗಿ ಡಾಲಸ್‌ನ ಆ ವಿಧಾನ ಕಣ್ಣಿಗೆ ಬಿದ್ದಾಗ ಕಂಪನಿಗೆ ಅದು ಎರಡೆರಡು ಸರಕು ಒಟ್ಟಿಗೆ ಮಾರುವ ದಾರಿಯಾಗಿತ್ತು.

ಪೆಕಾನ್ ಮಾತ್ರ ಹೊರಗಿನಿಂದ ಬಂದದ್ದಲ್ಲ. ಅದು ಅಮೆರಿಕದ ನೆಲದ್ದೇ ಮರ, 1919ರಿಂದ ಟೆಕ್ಸಾಸ್‌ನ ರಾಜ್ಯವೃಕ್ಷ. ನೋಡಲು ನಮ್ಮ ಅಕ್ರೋಟಿನ ತಿರುಳಿನಂತೆಯೇ, ಉದ್ದಕ್ಕೆ, ಸ್ವಲ್ಪ ನಯವಾಗಿ. ಬೀಜ ಬಿತ್ತಿ ಬೆಳೆಸಿದರೆ ಒಂದೊಂದು ಮರದ ಕಾಯಿ ಒಂದೊಂದು ಥರ, ಮಾವಿನ ಓಟೆ ನೆಟ್ಟ ಹಾಗೆ. ಕಸಿ ಕಟ್ಟದೆ ತೋಟ ಆಗುವುದಿಲ್ಲ. ಆ ಕಸಿ ಮೊದಲು ಕೈಗೂಡಿದ್ದು ಆಂಟ್ವಾನ್ ಎಂಬ ಗುಲಾಮನಿಗೆ. ಲೂಸಿಯಾನಾದ ಓಕ್ ಆಲಿ ಎಂಬ ಎಸ್ಟೇಟಿನ ತೋಟಗಾರ ಅವನು. 1846–47ರ ಚಳಿಗಾಲದಲ್ಲಿ, ತೆಳು ಸಿಪ್ಪೆಯ ಒಳ್ಳೆಯ ಕಾಯಿ ಬಿಡುವ ಮರವೊಂದರ ಕಡ್ಡಿಯನ್ನು 16 ಮರಗಳಿಗೆ ಕಸಿ ಕಟ್ಟಿದ. 1848ರ ಎಸ್ಟೇಟಿನ ಆಸ್ತಿಪಟ್ಟಿಯಲ್ಲಿ ಅವನೂ ಒಂದು ಬಾಬತ್ತು. ಪೆಕಾನ್ ಕಸಿಯಲ್ಲಿ ಪಳಗಿದವನು, ಬೆಲೆ 1,000 ಡಾಲರ್. 1876ರಲ್ಲಿ, ಅಮೆರಿಕ ಸ್ವತಂತ್ರವಾಗಿ ನೂರು ವರ್ಷ ತುಂಬಿದ್ದಕ್ಕೆ ಫಿಲಡೆಲ್ಫಿಯಾದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಆ ಮರಗಳ ಕಾಯಿಗೆ ಪ್ರಶಸ್ತಿ ಬಂತು. ತಳಿಗೆ ‘ಸೆಂಟೆನಿಯಲ್’, ಅಂದರೆ ಶತಮಾನೋತ್ಸವ ಎಂದು ಹೆಸರಿಟ್ಟರು. ಅದನ್ನು ಆಂಟ್ವಾನ್ ಎಂದು ಕರೆಯಬಹುದಿತ್ತು. ಹಾಗೆ ಯಾರೂ ಕರೆಯಲಿಲ್ಲ. ಹೂರಣಕ್ಕೆ ಬೀಜ ಹೆಚ್ಚುವಾಗಲೆಲ್ಲ ನನಗೆ ನೆನಪಾಗುವವನು ಅವನು.

ಅಕ್ಕ ಮಾಡಿದ್ದು ಇದೇ ಕೇಕಿನ ಚುಚ್ಚುವ ಬಗೆ, ಅಂದರೆ ಬೆಂದ ಕೇಕಿಗೆ ತೂತು ಮಾಡಿ ಸಿಹಿ ಸುರಿಯುವುದು. ಅದು ಬಂದ ದಾರಿ ಹೀಗೆ. ಜೆಲ್-ಓ ಎಂಬ ಬಣ್ಣದ ಜೆಲಾಟಿನ್ ಪುಡಿಯನ್ನು 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಪರ್ಲ್ ವೇಟ್ ಎಂಬುವವನು ತಯಾರಿಸಿದ. ಹೆಸರಿಟ್ಟವಳು ಹೆಂಡತಿ ಮೇ. ಅದೂ ಕೊನೆಗೆ ಸೇರಿದ್ದು ಜನರಲ್ ಫುಡ್ಸ್‌ಗೇ. ಮಾರಾಟ ಹೆಚ್ಚಿಸಬೇಕೆಂದು 1970ರ ದಶಕದಲ್ಲಿ ಕಂಪನಿ ಜಾಹೀರಾತು ಕೊಟ್ಟಿತು: ಬಿಳಿ ಕೇಕಿಗೆ ಫೋರ್ಕಿನಿಂದ ಚುಚ್ಚಿ, ಕರಗಿಸಿದ ಕೆಂಪು ಜೆಲಾಟಿನ್ ಸುರಿಯಿರಿ, ಕತ್ತರಿಸಿದರೆ ಗೆರೆಗೆರೆ ಕಾಣುತ್ತದೆ. ಹೆಂಗಸರು ಆ ಉಪಾಯ ಹಿಡಿದುಕೊಂಡರು, ಜೆಲಾಟಿನ್ ಬಿಟ್ಟರು. ಅದರ ಜಾಗಕ್ಕೆ ಕಂಡೆನ್ಸ್ಡ್ ಹಾಲು, ಕ್ಯಾರಮೆಲ್, ಕರಗಿಸಿದ ಚಾಕೊಲೇಟ್ ಬಂದವು. ಮಿಸೆಸ್ ಕ್ಲೇ ಅವರ ಕೇಕಿಗೆ ಮೂರು ಪದರ ಬೇಕಿತ್ತು, ಮಧ್ಯೆ ಮಧ್ಯೆ ಹೂರಣ ಬಳಿಯಬೇಕಿತ್ತು. ಚುಚ್ಚುವ ವಿಧಾನ ಬಂದ ಮೇಲೆ ಪದರದ ರಗಳೆ ಹೋಯಿತು, ಒಂದೇ ಟ್ರೇ ಸಾಕಾಯಿತು. ಅಕ್ಕ ಬರೆದುಕೊಂಡದ್ದು ಈ ಸುಲಭದ ಬಗೆ.

ಕೇಕಿಗೆ ಸಿಹಿ ಕುಡಿಸುವುದು ನಮಗೂ ಹೊಸತಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರರ ಬೇಕರಿಯ ಹನಿ ಕೇಕ್ ನೆನೆಸಿಕೊಳ್ಳಿ. ಮೆತ್ತನೆಯ ಕೇಕಿಗೆ ಜೇನಿನ ಪಾಕ ಉಣಿಸಿ, ಮೇಲೆ ಜಾಮ್ ಬಳಿದು, ಒಣಕೊಬ್ಬರಿ ತುರಿ ಉದುರಿಸುತ್ತಾರೆ.

ಮಾಡುವ ಬಗೆಗೆ ಬರೋಣ. ನಿಮಗೆ ಒಗ್ಗಿದ ಯಾವುದೇ ಚಾಕೊಲೇಟ್ ಕೇಕನ್ನು 9 ಇಂಚು ಅಗಲ, 13 ಇಂಚು ಉದ್ದದ ಟ್ರೇನಲ್ಲಿ ಬೇಯಿಸಿ. ಹಾಲಿನ ಬದಲು ಹುಳಿ ಮೊಸರನ್ನು ಕಡೆದು ಹಾಕಿ. ಅಡುಗೆ ಸೋಡಾ ಹುಳಿಗೆ ಸೇರಿ ಕೇಕು ಉಬ್ಬುತ್ತದೆ. ಒಲೆಯಿಂದ ತೆಗೆದು ಹದಿನೈದು ನಿಮಿಷ ಬಿಡಿ. ಬಿಸಿಬಿಸಿಯಲ್ಲೇ ಚುಚ್ಚಿದರೆ ಕೇಕು ಕಡ್ಡಿಗೆ ಅಂಟಿ ಕಿತ್ತುಬರುತ್ತದೆ, ತಣ್ಣಗಾದರೆ ಹಾಲು ಇಳಿಯುವುದಿಲ್ಲ. ಮರದ ಸೌಟಿನ ಹಿಡಿಯಿಂದ ಒಂದೊಂದು ಇಂಚಿಗೆ ಒಂದು ತೂತು ಮಾಡಿ, ತಳ ಮುಟ್ಟಿಸಬೇಡಿ. 100 ಗ್ರಾಂ ಸಿಹಿ ಚಾಕೊಲೇಟನ್ನು ಅರ್ಧ ಡಬ್ಬಿ ಕಂಡೆನ್ಸ್ಡ್ ಹಾಲಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಿರಿ. ಇಡೀ ಡಬ್ಬಿ ಹಾಕುವವರಿದ್ದಾರೆ. ಮೇಲಿನ ಹೂರಣವೇ ಸಾಕಷ್ಟು ಸಿಹಿ, ಅರ್ಧಕ್ಕಿಂತ ಹೆಚ್ಚು ಬೇಡವೆಂದೇ ನನ್ನ ಸಲಹೆ. ಚಾಕೊಲೇಟಿಗೆ ದೂರ ಹೋಗಬೇಕಿಲ್ಲ, ಪುತ್ತೂರಿನಲ್ಲಿ ಕ್ಯಾಂಪ್ಕೊ 1986ರಿಂದ ನಮ್ಮ ಕೃಷಿಕರ ಕೋಕೋದಿಂದ ಚಾಕೊಲೇಟ್ ಮಾಡುತ್ತಿದೆ.

ಹೂರಣಕ್ಕೆ ಸಕ್ಕರೆ ಹಾಕದೆ ಬತ್ತಿಸಿದ ಹಾಲು ಒಂದು ಕಪ್, ಸಕ್ಕರೆ ಒಂದು ಕಪ್, ಮೂರು ಮೊಟ್ಟೆಯ ಹಳದಿ, ಅರ್ಧ ಕಪ್ ಬೆಣ್ಣೆ. ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಹನ್ನೆರಡು ನಿಮಿಷ ಕೈಬಿಡದೆ ತಿರುವಬೇಕು. ಮೊದಲ ಐದಾರು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಉರಿ ಏರಿಸಲು ಹೋಗಬೇಡಿ, ಹಳದಿ ಒಡೆದು ಗಂಟಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸೌಟು ಭಾರವಾಗುತ್ತದೆ, ಬಣ್ಣ ಹೊನ್ನಿಗೆ ತಿರುಗುತ್ತದೆ, ಸೌಟಿನ ಬೆನ್ನ ಮೇಲೆ ಬೆರಳಲ್ಲಿ ಗೀರಿದರೆ ಗೆರೆ ಹಾಗೇ ನಿಲ್ಲುತ್ತದೆ. ಅದೇ ಹದ. ಕೆಳಗಿಳಿಸಿ, ಒಂದೂಕಾಲು ಕಪ್ ಒಣಕೊಬ್ಬರಿ ತುರಿ, ಒಂದು ಕಪ್ ಹೆಚ್ಚಿದ ಬೀಜ ಬೆರೆಸಿ. ಪೆಕಾನ್ ಸಿಗದಿದ್ದರೆ ಅಕ್ರೋಟು ಹತ್ತಿರದ್ದು, ಗೋಡಂಬಿಯೂ ಆದೀತು. ಹಸಿ ತೆಂಗಿನ ತುರಿಯಾದರೆ ನೀರಿನ ಪಸೆ ಆರುವವರೆಗೆ ಬಾಣಲೆಯಲ್ಲಿ ಬಾಡಿಸಿಕೊಳ್ಳಿ.

ತಣಿದ ಮೇಲೆ ಕೇಕಿನ ಮೇಲೆ ಹರಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಾಕು ಇಳಿಸಿದರೆ ತೂತುಗಳಿದ್ದ ಕಡೆಯಲ್ಲೆಲ್ಲ ಕಪ್ಪು ಕಂಬಗಳು ಕಾಣುತ್ತವೆ, ಹಿಂದಿನ ದಿನ ಸುರಿದ ಚಾಕೊಲೇಟು ಅಲ್ಲೇ ಹೆಪ್ಪುಗಟ್ಟಿ ನಿಂತಿರುತ್ತದೆ. ಅಕ್ಕನಿಗೆ ಮೊನ್ನೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ನೋಟ್‌ಬುಕ್ ತೆಗೆದು, ತಲೆಬರಹದ ಕೆಳಗೆ ಮೂರು ಹೆಸರು ಬರೆದುಕೊಂಡಳಂತೆ: ಸ್ಯಾಮ್ಯುಯೆಲ್ ಜರ್ಮನ್, ಆಂಟ್ವಾನ್, ಮಿಸೆಸ್ ಕ್ಲೇ. ಮೂರನೆಯದರ ಮುಂದೆ ಸ್ವಲ್ಪ ಜಾಗ ಬಿಟ್ಟಿದ್ದಾಳೆ.