ಆಟ, ಓದು, ಊರ ಆಸ್ಪತ್ರೆ

ಅರೇಹಳ್ಳಿಯಿಂದ ಬೇಲೂರಿಗೆ ಕಾಲೇಜಿಗೆ ಹೊರಟ ಹುಡುಗನ ಚೀಲದಲ್ಲಿ ಪುಸ್ತಕದ ಜೊತೆ ಫುಟ್‌ಬಾಲ್ ಬೂಟೂ ಕಂಡರೆ ಮನೆಯಲ್ಲಿ ಕೇಳುವುದು ಒಂದೇ ಮಾತು: 'ಏನಪ್ಪಾ, ಆಡ್ತೀಯೋ, ಓದ್ತೀಯೋ?' ಉತ್ತರಕ್ಕೆ ಡಾ. ತಾಲಿಮೆರೆನ್ ಆವೊ ಅವರ ಬದುಕನ್ನು ನೋಡಬಹುದು.

1918ರಲ್ಲಿ ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು ಅವರು. ಟೈಫಾಯಿಡ್‌ನಿಂದ ತೀರಿಕೊಂಡ ತಂದೆಗೆ ಇದ್ದದ್ದು ಒಂದೇ ಆಸೆ. ಮಗ ಡಾಕ್ಟರಾಗಬೇಕು, ತನ್ನ ಜನಕ್ಕೆ ಒದಗಿಬರಬೇಕು. ಕಲ್ಕತ್ತೆಯಲ್ಲಿ ಮೆಡಿಕಲ್ ಓದುತ್ತಲೇ ಆವೊ ಮೋಹನ್ ಬಗಾನ್ ಫುಟ್‌ಬಾಲ್ ತಂಡಕ್ಕೆ ಆಡಿದರು, ನಾಯಕರೂ ಆದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಧ್ವಜ ಹಿಡಿದು ಮುಂದೆ ನಡೆದವರು ಅವರೇ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಅಲ್ಲಿನ ಫುಟ್‌ಬಾಲ್ ಪಂದ್ಯದಲ್ಲಿ ಫ್ರಾನ್ಸ್ ಎದುರು 2-1ರಿಂದ ಸೋತೆವು. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥ! ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು ಎನ್ನುವುದು ನಮಗೆ ಒಂದು ಸಮಾಧಾನ.

ನನಗೆ ಹೆಚ್ಚು ಹಿಡಿಸುವುದು ಆಮೇಲಿನ ಕಥೆ. 1950ರಲ್ಲಿ ಎಂ.ಬಿ.ಬಿ.ಎಸ್. ಮುಗಿಯಿತು. ಕಲ್ಕತ್ತೆಯಲ್ಲೇ ನೆಲೆಸಿದ್ದರೆ ಬೇಡ ಎನ್ನುವವರಾರು? ಹೆಸರಿತ್ತು, ಅಭಿಮಾನಿಗಳಿದ್ದರು. ಆದರೂ ಕೆಲವೇ ವರ್ಷಗಳಲ್ಲಿ ಅವರು ಕೊಹಿಮಾದ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ಮುಂದೆ ನಾಗಾಲ್ಯಾಂಡ್ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ಈಶಾನ್ಯ ರಾಜ್ಯಗಳಲ್ಲಿ ಅವರ ಹೆಸರಿನಲ್ಲಿ ಫುಟ್‌ಬಾಲ್ ಪಂದ್ಯಾವಳಿ ನಡೆದಿದೆ. ದಕ್ಷಿಣದ ನಮ್ಮಲ್ಲಿ ಮಾತ್ರ ಆ ಹೆಸರು ಬಲ್ಲವರು ಕಡಿಮೆ.