ಲೈವ್ ಕಾಣ್ತಿದೆ ಸರಿ, ರೆಕಾರ್ಡ್ ಆಗ್ತಿದೆಯಾ?

ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಹಾಸನದಲ್ಲಿ ನಮ್ಮಪ್ಪಂದು ಕಿರಾಣಿ ಅಂಗಡಿ. ನಾಲ್ಕು ಸಿಸಿಟಿವಿ ಕ್ಯಾಮೆರಾ, ಒಂದು ಡಿವಿಆರ್. ಒಂದು ದಿನ ಡಿವಿಆರ್ ಬೀಪ್ ಬೀಪ್ ಅನ್ನೋಕೆ ಶುರು ಮಾಡ್ತು. "ತಲೆನೋವು ಕಣೋ, ನಿಲ್ಸು ಅದನ್ನ" ಅಂದ್ರು ಅಪ್ಪ. ಮೆನುಗೆ ಹೋಗಿ ಸೌಂಡ್ ಆಫ್ ಮಾಡ್ದೆ. ಮೊಬೈಲ್ ಆ್ಯಪ್‌ನಲ್ಲಿ ಲೈವ್ ಚೆನ್ನಾಗೇ ಬರ್ತಿತ್ತು. ಸುಮ್ಮನಾದೆ.

ಮೂರು ವಾರ ಆದ್ಮೇಲೆ, ರಾತ್ರಿ ಅಂಗಡಿ ಮುಂದೆ ಸೈಕಲ್‌ನಲ್ಲಿ ಹೋಗ್ತಿದ್ದವರಿಗೆ ಕಾರೊಂದು ಗುದ್ದಿ ನಿಲ್ಲದೇ ಹೋಯ್ತು. ಬೆಳಿಗ್ಗೆ ಅವರ ಮಗಳು ಬಂದು, "ಅಣ್ಣಾ, ನಿಮ್ಮ ಕ್ಯಾಮೆರಾದಲ್ಲಿ ಗಾಡಿ ನಂಬರ್ ಸಿಗುತ್ತಾ?" ಅಂತ ಕೇಳಿದ್ಲು. ಪ್ಲೇಬ್ಯಾಕ್ ತೆಗೆದೆ. ಮೂರು ವಾರದಿಂದ ಏನೂ ಇಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಆ ಬೀಪ್ ಹೇಳ್ತಿದ್ದದ್ದೇ ಅದು. ಆ ಹುಡುಗಿಯ ಮುಖ ನೋಡೋಕೆ ಆಗ್ಲಿಲ್ಲ ನನಗೆ.

ಲೈವ್ ಚಿತ್ರ ಕ್ಯಾಮೆರಾದಿಂದ ನೇರವಾಗಿ ಬರುತ್ತೆ. ಡಿಸ್ಕ್ ಸತ್ತಿದ್ರೂ ಅದು ಕಾಣುತ್ತೆ. ಹಾಗಾಗಿ ನೋಡ್ಬೇಕಾದದ್ದು ಲೈವ್ ಅಲ್ಲ, ಪ್ಲೇಬ್ಯಾಕ್.

ಡಿಸ್ಕ್ ಬದಲಾಯಿಸೋ ಮುಂಚೆ ಬ್ಯಾಕಪ್ ತಗೊಳ್ಳಿ. ಡಿವಿಆರ್‌ಗೆ ಪೆನ್ ಡ್ರೈವ್ ಹಾಕಿ, ಮೆನುವಿನಲ್ಲಿ ಕ್ಯಾಮೆರಾ, ದಿನಾಂಕ, ಸಮಯ ಆರಿಸಿ ಬೇಕಾದಷ್ಟೇ ಕಾಪಿ ಮಾಡಿ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾದ ಒಂದು ಗಂಟೆ ಅಂದ್ರೆ ಸುಮಾರು 900 ಎಂಬಿ. ಕಾಪಿ ಆದದ್ದು ಬೇರೆ ಕಂಪ್ಯೂಟರ್‌ನಲ್ಲಿ ಓಡುತ್ತಾ ಅಂತ ನೋಡಿ, ಆಮೇಲೆ ಹಳೇ ಡಿಸ್ಕ್ ಮುಟ್ಟಿ. ಡಿಸ್ಕ್ ಟಿಕ್ ಟಿಕ್ ಸದ್ದು ಮಾಡ್ತಿದ್ರೆ ಪದೇ ಪದೇ ಆನ್ ಮಾಡ್ಬೇಡಿ. ಮುಖ್ಯವಾದ ದೃಶ್ಯ ಇದ್ರೆ ಡೇಟಾ ರಿಕವರಿ ಮಾಡೋರಿಗೆ ಕೊಡಿ. ಹಳೇ ಡಿಸ್ಕನ್ನ ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದ್ರೆ "ಫಾರ್ಮ್ಯಾಟ್ ಮಾಡ್ಲಾ?" ಅಂತ ಕೇಳಬಹುದು. ಬೇಡ ಅನ್ನಿ.

ಹೊಸದು ತಗೊಳ್ಳುವಾಗ ಸರ್ವೇಲೆನ್ಸ್ ಹಾರ್ಡ್ ಡಿಸ್ಕ್ ಅಂತಲೇ ಕೇಳಿ. ಅವು ದಿನದ 24 ಗಂಟೆ ಬರೆಯೋಕೆ ಅಂತಲೇ ಮಾಡಿದವು. ಎಷ್ಟು ಟಿಬಿವರೆಗೆ ಹಾಕಬಹುದು ಅನ್ನೋದು ಡಿವಿಆರ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಅದೇ ಲೆಕ್ಕದಲ್ಲಿ ನಾಲ್ಕು ಕ್ಯಾಮೆರಾಗೆ 1 ಟಿಬಿ ಸುಮಾರು 11 ದಿನಕ್ಕೆ ತುಂಬುತ್ತೆ. ಆಮೇಲೆ ಹಳೇದರ ಮೇಲೆ ಹೊಸದು ಬರೀತಾ ಹೋಗುತ್ತೆ. ಅದಕ್ಕೇ ಏನಾದ್ರೂ ನಡೆದ ದಿನವೇ ಕಾಪಿ ತಗೋಬೇಕು.

ಕೆಲಸ ಕಷ್ಟದ್ದಲ್ಲ. ಮೆನುವಿನಿಂದಲೇ ಶಟ್‌ಡೌನ್ ಮಾಡಿ, ಪ್ಲಗ್ ಕೀಳಿ. ಮುಚ್ಚಳ ಬಿಚ್ಚಿದ್ರೆ ಡಿಸ್ಕ್‌ಗೆ ಎರಡು ಕೇಬಲ್ ಕಾಣುತ್ತೆ, ಒಂದು ಡೇಟಾಗೆ, ಇನ್ನೊಂದು ಕರೆಂಟ್‌ಗೆ. ಹಳೇದು ತೆಗೆದು, ಹೊಸದನ್ನ ಹಾಗೇ ಕೂರಿಸಿ ಸ್ಕ್ರೂ ಬಿಗಿ ಮಾಡಿ. ಆನ್ ಮಾಡಿ ಮೆನುವಿನಲ್ಲಿ ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡಿ. ದಿನಾಂಕ, ಸಮಯ ಸರಿ ಇದೆಯಾ ನೋಡಿ. ಸಮಯ ತಪ್ಪಾಗಿದ್ರೆ ಪೊಲೀಸರ ಮುಂದೆ ಗೊಂದಲ. ಕೊನೆಗೆ, ಡಿಸ್ಕ್ ಕೆಟ್ಟರೆ ಬೀಪ್ ಬರೋ ಸೆಟ್ಟಿಂಗ್ ಆನ್ ಮಾಡಿ. ನಾನು ಆಫ್ ಮಾಡಿದ್ನಲ್ಲ, ಅದೇ.

ಆ ಕಾರು ಇನ್ನೂ ಸಿಕ್ಕಿಲ್ಲ. ಈಗ ಪ್ರತಿ ಭಾನುವಾರ ಹಿಂದಿನ ರಾತ್ರಿಯ ಐದು ನಿಮಿಷ ಪ್ಲೇಬ್ಯಾಕ್ ಮಾಡಿ ನೋಡ್ತೀನಿ. ನಿಮ್ಮನೇಲೋ ಅಂಗಡೀಲೋ ಕ್ಯಾಮೆರಾ ಇದ್ರೆ, ಇದನ್ನ ಕೇಳಿ ಮುಗಿಸಿದ ತಕ್ಷಣ ಆ್ಯಪ್ ತೆಗೆದು ನಿನ್ನೆಯದು ಓಡುತ್ತಾ ನೋಡಿ. ಮತ್ತೆ ಸಿಗೋಣ.