ಎಂಜಿನಿಯರರ ಮಾತು: ಪಾಳಿ ಬದಲಾಗುವ ಹೊತ್ತಿನಲ್ಲಿ



ಚೆಂಬೂರಿನಿಂದ ಮಾಹುಲ್, ಟ್ರಾಂಬೆ ಕಡೆಗೆ ಹೋದರೆ ಎರಡು ತೈಲ ಶುದ್ಧೀಕರಣಾಗಾರಗಳು, ಆರ್.ಸಿ.ಎಫ್. ರಸಗೊಬ್ಬರ ಕಾರ್ಖಾನೆ, ಟಾಟಾ ವಿದ್ಯುತ್ ಸ್ಥಾವರ, ಭಾಭಾ ಅಣು ಸಂಶೋಧನಾ ಕೇಂದ್ರ ಎಲ್ಲವೂ ಇವೆ. ಹಗಲು ರಾತ್ರಿ ನಡೆಯುವ ಇಂಥ ಕಡೆ ಕೆಲಸ ಪಾಳಿಯಿಂದ ಪಾಳಿಗೆ ದಾಟುತ್ತದೆ. ಊರಿನಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿಗೆ ಬರುವ ನಮ್ಮ ಮಕ್ಕಳಿಗೆ ಒಂದು ಅಳುಕು: "ಇಂಗ್ಲಿಷ್ ಸರಾಗವಾಗಿ ಬಾರದು, ಹಿಂದಿ ಮರಾಠಿ ಅಷ್ಟಕ್ಕಷ್ಟೆ. ಹೇಗೆ ಮಾತನಾಡಲಿ?" ಹೀಗಾಗಿ ಗೊತ್ತಿದ್ದರೂ ಸುಮ್ಮನಿದ್ದುಬಿಡುತ್ತಾರೆ. ಆದರೆ ಎಂಜಿನಿಯರನಿಗೆ ಬೇಕಾದದ್ದು ಸೊಗಸಾದ ಇಂಗ್ಲಿಷ್ ಅಲ್ಲ, ಬೇರೆಯೇ ಒಂದು ಅಭ್ಯಾಸ.

1988ರ ಜುಲೈ 6ರಂದು ಸ್ಕಾಟ್ಲೆಂಡಿನ ಆಚೆ, ಉತ್ತರ ಸಮುದ್ರದ 'ಪೈಪರ್ ಆಲ್ಫಾ' ಎಂಬ ತೈಲ ವೇದಿಕೆಯಲ್ಲಿ ಏನಾಯಿತು ನೋಡಿ. ಅಲ್ಲಿ ದುಡಿಯುತ್ತಿದ್ದ ಹೆಚ್ಚಿನವರ ಮನೆಮಾತೇ ಇಂಗ್ಲಿಷ್. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವನ್ನು ದುರಸ್ತಿಗೆ ಬಿಚ್ಚಿ, ಆ ಜಾಗಕ್ಕೆ ಲೋಹದ ಮುಚ್ಚಳ ಹಾಕಿದ್ದರು. ಕೆಲಸದ ಪರ್ಮಿಟ್ ಬರೆದದ್ದೂ ಇತ್ತು. ಆದರೆ ವಾಲ್ವ್ ಇಲ್ಲವೆಂಬ ಸಂಗತಿ ರಾತ್ರಿ ಪಾಳಿಯವರ ಕಿವಿಗೆ ಬೀಳಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ಇನ್ನೊಂದು ಪಂಪ್ ನಿಂತಿತು. ಇವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಯಿತು. ಸತ್ತವರು 167 ಮಂದಿ. 1990ರಲ್ಲಿ ಬಂದ ವಿಚಾರಣಾ ವರದಿ, ಪರ್ಮಿಟ್ ವ್ಯವಸ್ಥೆಯ ಮತ್ತು ಪಾಳಿ ಒಪ್ಪಿಸುವ ರೀತಿಯ ಲೋಪವನ್ನು ಎತ್ತಿ ತೋರಿಸಿತು. ಕಾಗದ ಇತ್ತು, ಭಾಷೆ ಇತ್ತು. ವಿಷಯ ಮಾತ್ರ ತಲುಪಬೇಕಾದವರಿಗೆ ತಲುಪಲಿಲ್ಲ.

ಹಾಗಾದರೆ ತಲುಪಿಸುವುದು ಹೇಗೆ?

ಮೊದಲನೆಯದು, ಮುಖ್ಯ ಮಾತನ್ನು ಮೊದಲು ಹೇಳಿ. "ಆ ಪಂಪ್ ಸ್ವಲ್ಪ ನೋಡಿಕೊಳ್ಳಿ" ಎಂದರೆ ಕೇಳಿದವರಿಗೆ ಏನೂ ತಿಳಿಯದು. "ಎರಡನೇ ಪಂಪ್ ಚಾಲೂ ಮಾಡಬೇಡಿ. ಸೇಫ್ಟಿ ವಾಲ್ವ್ ಬಿಚ್ಚಿದೆ. ಪರ್ಮಿಟ್ ಇಗೋ ಇಲ್ಲಿದೆ" ಎನ್ನಿ. ಮೂರು ಪುಟ್ಟ ವಾಕ್ಯ, ಹರುಕು ಮುರುಕು ಹಿಂದಿಯಲ್ಲೂ ಹೇಳಬಹುದು. ಅದನ್ನೇ ಲಾಗ್ ಬುಕ್ಕಿನಲ್ಲಿ ಬರೆಯಿರಿ. ಬರೆದೆನೆಂದು ಬಾಯಲ್ಲಿ ಹೇಳುವುದನ್ನು ಬಿಡಬೇಡಿ, ಹೇಳಿದೆನೆಂದು ಬರೆಯುವುದನ್ನೂ ಬಿಡಬೇಡಿ.

ಎರಡನೆಯದು, "ಗೊತ್ತಾಯಿತಾ?" ಎಂದು ಕೇಳಬೇಡಿ. ಎಲ್ಲರೂ ತಲೆಯಾಡಿಸುತ್ತಾರೆ. "ನಾನು ಹೇಳಿದ್ದನ್ನು ಒಮ್ಮೆ ಹೇಳಿ ನೋಡೋಣ" ಎನ್ನಿ. ಕನ್ನಡ, ಮರಾಠಿ, ತಮಿಳು, ಭೋಜ್‌ಪುರಿ ಮನೆಮಾತಿನವರು ಒಂದೇ ಪಾಳಿಯಲ್ಲಿರುವ ಮುಂಬಯಿಯಲ್ಲಿ ಇದು ಬಹಳ ಮುಖ್ಯ.

ಮೂರನೆಯದು, ಅಂಕಿಯ ಜೊತೆ ಅಳತೆಯ ಮಾನವನ್ನೂ ಹೇಳಿ. ಬರೀ "ಇಪ್ಪತ್ತು" ಎಂದರೆ ಇಪ್ಪತ್ತು ಏನು? 1999ರಲ್ಲಿ ನಾಸಾದ ಮಂಗಳ ನೌಕೆಯೊಂದು ನಾಶವಾದದ್ದು, ಒಂದು ತಂಡ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ಮೆಟ್ರಿಕ್ ಎಂದು ತಿಳಿದದ್ದರಿಂದ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ಹಿರಿಯರಿಗೆ 'ಬೇಡ' ಎನ್ನುವುದು. ದೊಡ್ಡವರಿಗೆ ಎದುರಾಡಬಾರದೆಂದು ಕಲಿತು ಬೆಳೆದವರು ನಾವು. ಆದರೆ ಅಪಾಯ ತಿಳಿಸುವುದು ಎದುರಾಡುವುದಲ್ಲ. "ಸಾರ್, ಒತ್ತಡ ಏರುತ್ತಿದೆ. ಹೀಗೇ ನಡೆಸಿದರೆ ಸೋರಬಹುದು. ಹತ್ತು ನಿಮಿಷ ನಿಲ್ಲಿಸಿ ನೋಡೋಣವೇ?" ಕಂಡದ್ದು, ಆಗಬಹುದಾದದ್ದು, ಮಾಡಬೇಕಾದದ್ದು, ಈ ಮೂರೂ ಇದರಲ್ಲಿವೆ, ಗೌರವಕ್ಕೆ ಎಲ್ಲೂ ಕುಂದಿಲ್ಲ.

ಹಿರಿಯ ಎಂಜಿನಿಯರುಗಳೇ, ಕಿರಿಯರು ಹೀಗೆ ಹೇಳಿದಾಗ ಅವರ ವ್ಯಾಕರಣ ತಿದ್ದಲು ಹೋಗಬೇಡಿ. ಮೊದಲು ಪಂಪಿನ ಕಡೆ ನೋಡಿ. ಒಮ್ಮೆ ನಕ್ಕು ಬಾಯಿ ಮುಚ್ಚಿಸಿದರೆ ಆ ಹುಡುಗಿ ಮುಂದಿನ ಸಲ ಹೇಳಲಾರಳು. ಹೇಳಲೇಬೇಕಾದ ಸಲ ಅದೇ ಆಗಿದ್ದೀತು.

ಪಾಳಿ ಮುಗಿಸಿ ಎಲ್ಲರೂ ಕ್ಷೇಮವಾಗಿ ಮನೆ ಸೇರಲಿ.